ಅಮಾಲಾ ಕಲಿತ ಮೊದಲ ಕನ್ನಡ ಪದ

ಹೋದ ಚಳಿಗಾಲದ ಒಂದು ಬೆಳಿಗ್ಗೆ. ಹಾಲಿನವನು ಇನ್ನೂ ಬಂದಿರಲಿಲ್ಲ, ಫೋನ್ ಬಂತು. ಕೆನಡಾದ ಟೊರಾಂಟೊದಿಂದ.

"ಅಂಕಲ್, ಮೋಲಾ ಹೋಗಿಬಿಟ್ಟರು" ಎಂದಳು ಹುಡುಗಿ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಮೋಲಾ ಎಂದರೆ ಟಿಬೆಟಿನವರ ಮಾತಿನಲ್ಲಿ ಅಜ್ಜಿ. ಅವಳಿಗೆ ಮೋಲಾ, ನನಗೆ ಅಮಾಲಾ. 'ಅಮಾ' ಎಂದರೆ ಅಮ್ಮ. 'ಲಾ' ಗೌರವಕ್ಕೆ ಸೇರಿಸುವುದು, ನಾವು 'ಅಮ್ಮನವರು' ಎಂದ ಹಾಗೆ. ಅವರ ನಿಜವಾದ ಹೆಸರು ವಾರದ ಒಂದು ದಿನದ ಹೆಸರು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ, ಬೈಲಕುಪ್ಪೆಯಲ್ಲಿ ಆ ಹೆಸರಿನವರು ಎಷ್ಟೋ ಜನ ಇದ್ದಾರೆ. ಈ ಲೇಖನಕ್ಕೆ ಕಾರಣವಾದ ಎಡವಟ್ಟು ಹುಟ್ಟಿದ್ದೂ ಅಲ್ಲಿಂದಲೇ.

ನಾನು ಬರೆಯುವವನಲ್ಲ. ಬಿ.ಕಾಂ. ಮಾಡಿ, 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು, ಗುಮಾಸ್ತನಾಗಿಯೇ ನಿವೃತ್ತನಾದವನು. ಬರೆದದ್ದೆಲ್ಲ ಲೆಡ್ಜರಿನಲ್ಲಿ, ಅದೂ ಬರೀ ಅಂಕಿ. ಆದರೆ ಅಮಾಲಾ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ಒಂದು ಲೆಕ್ಕ ಬಾಕಿ ಉಳಿದುಬಿಡುತ್ತದೆ ಅನ್ನಿಸಿತು.

1981ರಲ್ಲಿ ನನಗೆ ಮಂಡ್ಯದಿಂದ ಬೈಲಕುಪ್ಪೆ ಕಡೆಯ ಶಾಖೆಗೆ ವರ್ಗವಾಯಿತು. ಆಗ ನನಗೆ 31 ವರ್ಷ, ಹೊಸದಾಗಿ ಮದುವೆಯಾಗಿತ್ತು. ಕುಶಾಲನಗರದಲ್ಲಿ ಒಂದು ಹೆಂಚಿನ ಮನೆ ಬಾಡಿಗೆಗೆ ಹಿಡಿದೆವು. ದಿನಾ ಬೆಳಿಗ್ಗೆ ಸೈಕಲ್ ಹತ್ತಿ, ಕಾವೇರಿ ಸೇತುವೆ ದಾಟಿ, ಕೊಪ್ಪ ಹಾಯ್ದು ಬ್ಯಾಂಕಿಗೆ ಹೋಗುತ್ತಿದ್ದೆ. ಸೇತುವೆಯ ಆಚೆ ಕೊಡಗು, ಈಚೆ ಮೈಸೂರು ಜಿಲ್ಲೆ. ಇನ್ನೊಂದು ಸ್ವಲ್ಪ ದೂರ ಹೋದರೆ ಬೇರೆ ದೇಶವೇ ಬಂದ ಹಾಗೆ. ಮುಸುಕಿನ ಜೋಳದ ಹೊಲಗಳ ನಡುವೆ ಗಾಳಿಗೆ ಪಟಪಟ ಎನ್ನುವ ಬಣ್ಣಬಣ್ಣದ ಪ್ರಾರ್ಥನಾ ಬಾವುಟಗಳು, ಕೆಂಪು ಬಟ್ಟೆಯ ಸನ್ಯಾಸಿಗಳು, ಉದ್ದ ನಿಲುವಂಗಿಯ ಮೇಲೆ ಪಟ್ಟೆ ಪಟ್ಟೆಯ ಏಪ್ರನ್ ಕಟ್ಟಿದ ಹೆಂಗಸರು. ಈಗ ಬಸ್ಸುಗಟ್ಟಲೆ ಜನ ನೋಡಲು ಹೋಗುವ ಚಿನ್ನದ ದೇವಾಲಯ ಆಗ ಇರಲಿಲ್ಲ, ಅದು ಆದದ್ದು 1999ರಲ್ಲಿ. ಮಠ ಮಾತ್ರ 1963ರಿಂದಲೂ ಇತ್ತು.

ಬ್ಯಾಂಕಿನಲ್ಲಿ ಮೊದಲ ವಾರವೇ ನನ್ನ ತಲೆ ಕೆಟ್ಟುಹೋಯಿತು. ಟಿಬೆಟಿನವರಲ್ಲಿ ಮನೆತನದ ಹೆಸರು ಹಾಕಿಕೊಳ್ಳುವವರು ಕಡಿಮೆ. ನಮ್ಮ ಹಾಗೆ ಇನಿಷಿಯಲ್ಲೂ ಇಲ್ಲ. ಸೋಮವಾರ ಹುಟ್ಟಿದರೆ ದಾವಾ, ಶುಕ್ರವಾರ ಹುಟ್ಟಿದರೆ ಪಸಾಂಗ್, ಶನಿವಾರ ಹುಟ್ಟಿದರೆ ಪೆಂಬಾ. ದಲೈ ಲಾಮಾ ಅವರಿಂದ ಹೆಸರು ಪಡೆದ ಮಕ್ಕಳೆಲ್ಲ ತೆನ್‌ಝಿನ್. ಗಂಡಸರಿಗೂ ಅದೇ ಹೆಸರು, ಹೆಂಗಸರಿಗೂ ಅದೇ ಹೆಸರು. ಲೆಡ್ಜರ್ ತೆರೆದರೆ ಒಂದೇ ಹೆಸರಿನ ಏಳೆಂಟು ಖಾತೆ. ಖಾತೆ ನಂಬರು ನೋಡದೆ ಪೆನ್ನು ಊರಿದರೆ ಕೆಟ್ಟೆವು ಎಂದು ಮ್ಯಾನೇಜರು ಮೊದಲ ದಿನವೇ ಎಚ್ಚರಿಸಿದ್ದರು.

ಅಮಾಲಾ ನನ್ನ ಕೌಂಟರಿಗೆ ಮೊದಲ ಸಲ ಬಂದದ್ದು ಯಾವುದೋ ಫಾರಂ ತುಂಬಿಸಲು. ನಲವತ್ತೈದರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು. ಬಿಸಿಲಿಗೆ ಸುಟ್ಟ ಕೆನ್ನೆ, ಎರಡು ಜಡೆ, ಕೈಯಲ್ಲಿ ಜಪಮಾಲೆ, ಕೊರಳಲ್ಲಿ ಒಂದೇ ಒಂದು ದೊಡ್ಡ ನೀಲಿ ಕಲ್ಲು. ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅದನ್ನು ಅವರು ಕಲಿತದ್ದು ಪಕ್ಕದ ಹಳ್ಳಿಯ ಕೂಲಿಯವರಿಂದ, ಹೊಲದಲ್ಲಿ. ಹಾಗಾಗಿ ಬಹುವಚನ ಎನ್ನುವುದೊಂದು ಇದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ನಮ್ಮ ಮ್ಯಾನೇಜರಿಗೂ "ನೀನು ಊಟ ಮಾಡಿದ್ಯಾ?" ಎಂದೇ ಕೇಳುತ್ತಿದ್ದರು. ಮ್ಯಾನೇಜರು ಮಹಾ ಶಿಸ್ತಿನ ಮನುಷ್ಯ. ಅವರೂ ತಲೆ ತಗ್ಗಿಸಿ "ಆಯ್ತಮ್ಮಾ" ಎನ್ನುತ್ತಿದ್ದರು.

ಫಾರಂನಲ್ಲಿ 'ಸ್ವಂತ ಊರು' ಎಂಬ ಜಾಗ ಬಂತು. ಏನು ಬರೆಯಲಿ ಎಂದೆ.

"ಮೂರನೇ ಕ್ಯಾಂಪು, ಬೈಲಕುಪ್ಪೆ ಅಂತ ಬರಿ."

"ಅದು ಈಗಿನ ವಿಳಾಸ ಅಮ್ಮಾ. ಸ್ವಂತ ಊರು?"

ಅವರು ಫಾರಂ ಕಡೆ ಬೆರಳು ತೋರಿಸಿ ನಕ್ಕರು. "ಅದು ಬಾಳ ದೂರ ಮಗಾ. ಇಷ್ಟು ಜಾಗದಾಗೆ ಹಿಡಿಯಲ್ಲ."

ಆ ದೂರದ ಕಥೆ ನನಗೆ ಒಂದೇ ದಿನ ಗೊತ್ತಾಗಲಿಲ್ಲ. ಆರು ವರ್ಷ ಅಲ್ಲಿದ್ದೆ, ಆರು ವರ್ಷದಲ್ಲಿ ಚೂರು ಚೂರಾಗಿ ಕೇಳಿದ್ದನ್ನು ಸೇರಿಸಿ ಹೇಳುತ್ತಿದ್ದೇನೆ.

1959ರ ಮಾರ್ಚಿನಲ್ಲಿ ದಲೈ ಲಾಮಾ ಲ್ಹಾಸಾ ಬಿಟ್ಟು ಭಾರತಕ್ಕೆ ಬಂದರಲ್ಲ, ಅವರ ಹಿಂದೆ ಸಾವಿರಾರು ಜನ ಹಿಮದ ಬೆಟ್ಟ ದಾಟಿ ಬಂದರು. ಅವರಲ್ಲಿ ಅಮಾಲಾ ಒಬ್ಬರು. ಆಗ ಅವರಿಗೆ 22 ವರ್ಷ. ಜೊತೆಗೆ ಗಂಡ, ಬೆನ್ನಿಗೆ ಕಟ್ಟಿಕೊಂಡ ಎಂಟು ತಿಂಗಳ ಹೆಣ್ಣುಮಗು. ಹಗಲು ಬಂಡೆಯ ಮರೆಯಲ್ಲಿ ಮಲಗಿ, ರಾತ್ರಿ ನಡೆದರಂತೆ. ಗಡಿ ದಾಟಿದ ಮೇಲೆ ಅಸ್ಸಾಮಿನ ಮಿಸ್ಸಾಮಾರಿ ಎಂಬಲ್ಲಿ ಬಿದಿರಿನ ಶೆಡ್ಡುಗಳ ಶಿಬಿರ. ತಣ್ಣನೆಯ ನಾಡಿನಲ್ಲಿ ಹುಟ್ಟಿ ಬೆಳೆದವರು ಅಸ್ಸಾಮಿನ ಸೆಕೆಗೆ ಉಣ್ಣೆ ಬಟ್ಟೆಯಲ್ಲೇ ಬಂದಿದ್ದರು. ಬೇರೆ ಬಟ್ಟೆ ಎಲ್ಲಿತ್ತು? ಹಿಮ ದಾಟಿ ಉಳಿದಿದ್ದ ಆ ಮಗು ಸೆಕೆಯಲ್ಲಿ, ಭೇದಿಯಾಗಿ ಹೋಯಿತು. ಇದನ್ನು ಅಮಾಲಾ ನನ್ನ ಹೆಂಡತಿಗೆ ಒಂದೇ ಒಂದು ಸಲ ಹೇಳಿದರು. ಮತ್ತೆ ಎತ್ತಲಿಲ್ಲ.

ಅಲ್ಲಿಂದ ಹಿಮಾಲಯದ ತಪ್ಪಲಿನಲ್ಲಿ ರಸ್ತೆ ಕೆಲಸ. ಗಂಡ ಹೆಂಡತಿ ಇಬ್ಬರೂ ಕಲ್ಲು ಒಡೆದರು. ಮಗ ಹುಟ್ಟಿದ್ದು ಅಲ್ಲೇ, ರಸ್ತೆ ಬದಿಯ ಡೇರೆಯಲ್ಲಿ. ಅಷ್ಟರಲ್ಲಿ ದಕ್ಷಿಣದಲ್ಲಿ ಜಮೀನು ಕೊಡುತ್ತಾರಂತೆ ಎಂಬ ಸುದ್ದಿ ಬಂತು. ಭಾರತ ಸರ್ಕಾರ ಕೇಳಿಕೊಂಡಾಗ ಆಗಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತ್ತು. 1960ರ ಕೊನೆಯ ಹೊತ್ತಿಗೆ ಮೊದಲ ತಂಡದವರು ಬರತೊಡಗಿದರು. ಅಮಾಲಾ ಬಂದದ್ದು ಅದರ ಮರುವರ್ಷ. ದಿನಗಟ್ಟಲೆ ರೈಲು, ಆಮೇಲೆ ಲಾರಿ. ಲಾರಿ ನಿಂತಾಗ ಇಳಿದು ನೋಡಿದರೆ ಜಮೀನೇ ಇಲ್ಲ, ಬರೀ ಕಾಡು! ಮರ ಕಡಿದು, ಪೊದೆ ಸುಟ್ಟು, ಹೊಲ ಮಾಡಿಕೊಳ್ಳಬೇಕಿತ್ತು. ರಾತ್ರಿ ಆನೆ ಬಂದರೆ ತಗಡಿನ ಡಬ್ಬ ಬಡಿಯುತ್ತಾ ಕೂರಬೇಕಿತ್ತು. ಆನೆಯನ್ನು ಅದುವರೆಗೆ ಮಠದ ಚಿತ್ರಗಳಲ್ಲಿ ಮಾತ್ರ ನೋಡಿದ್ದವರು ಅವರು.

"ಅಳು ಬರಲಿಲ್ವಾ ಅಮಾಲಾ?" ಎಂದು ಕೇಳಿದ್ದೆ.

"ಬಂತು. ಅಳ್ತಾ ನಿಂತಿದ್ದೆ. ಅವಾಗ ಒಬ್ಬಳು ಮುದುಕಿ ಬಂದಳು."

ಪಕ್ಕದ ಹಳ್ಳಿಯಿಂದ ಸೌದೆಗೆ ಬಂದಿದ್ದ ಮುದುಕಿಯಂತೆ. ಇವರನ್ನು ಮೇಲಿಂದ ಕೆಳಗೆ ನೋಡಿದಳು. ಇವರ ಉಡುಪು, ಮುಖ, ಮಾತು ಎಲ್ಲ ಅವಳಿಗೆ ವಿಚಿತ್ರ. ಆದರೂ ತಲೆ ಮೇಲಿನ ಸೌದೆ ಹೊರೆ ಇಳಿಸಿ, ಮರದ ನೆರಳಿನಲ್ಲಿ ನೆಲವನ್ನು ಸೆರಗಿನಿಂದ ಗುಡಿಸಿ, "ಕೂತ್ಕೋ" ಎಂದಳಂತೆ. ಆಮೇಲೆ ತನ್ನ ಬುತ್ತಿಯ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟಳಂತೆ.

"ನಾನು ಕಲಿತ ಮೊದಲ ಕನ್ನಡ ಅದೇ. ಕೂತ್ಕೋ." ಇದನ್ನು ಹೇಳುವಾಗ ಅಮಾಲಾ ಮುಖ ಅರಳುತ್ತಿತ್ತು. "ಮುದ್ದೆ ನೋಡಿ ನಮ್ಮ ಊರು ನೆನಪಾಯ್ತು. ನಾವೂ ಹಂಗೇ ತಿಂತೀವಿ."

ನಿಜ. ಹುರಿದ ಬಾರ್ಲಿ ಹಿಟ್ಟನ್ನು ಅವರು ತ್ಸಂಪಾ ಎನ್ನುತ್ತಾರೆ. ಅದಕ್ಕೆ ಬೆಣ್ಣೆ ಚಹಾ ಹಾಕಿ ಕೈಯಲ್ಲೇ ನಾದಿ ಉಂಡೆ ಮಾಡಿ ತಿನ್ನುತ್ತಾರೆ. ಬೈಲಕುಪ್ಪೆಯಲ್ಲಿ ಬಾರ್ಲಿ ಎಲ್ಲಿಂದ ತರುವುದು? ಹಾಗಾಗಿ ಮುದ್ದೆ ಅಮಾಲಾಗೆ ತವರಿನ ನೆಂಟನ ಹಾಗೆ ಕಂಡಿತು. ಒಂದೇ ತಕರಾರು ಎಂದರೆ, ನಾವು ಮುದ್ದೆಯನ್ನು ಅಗಿಯದೆ ನುಂಗುವುದು. "ದೇವರು ಹಲ್ಲು ಕೊಟ್ಟವ್ನೆ, ನೀವು ಬೀರುವಾದಾಗೆ ಇಟ್ಟವ್ರೆ" ಎಂದು ಗೇಲಿ ಮಾಡುತ್ತಿದ್ದರು.

ಗಂಡ ಕ್ಷಯದಿಂದ ಬೇಗ ತೀರಿಕೊಂಡರು. ಆಮೇಲೆ ಮಗ, ಹೊಲ ಎರಡೂ ಅಮಾಲಾ ಪಾಲಿಗೆ. ಮಳೆಗಾಲದಲ್ಲಿ ಜೋಳ. ಜೋಳ ಕೊಯ್ದ ಮೇಲೆ ಸ್ವೆಟರ್ ವ್ಯಾಪಾರ. ನಿಮ್ಮ ಊರಿನಲ್ಲೂ ಚಳಿಗಾಲದಲ್ಲಿ ಫುಟ್‌ಪಾತಿನ ಮೇಲೆ ಟಿಬೆಟಿನವರ ಸ್ವೆಟರ್ ಅಂಗಡಿ ನೋಡಿರಬಹುದು. ಅವರು ಅಕ್ಟೋಬರಿನಲ್ಲಿ ಗುಂಪು ಕಟ್ಟಿಕೊಂಡು ಪಂಜಾಬಿನ ಲುಧಿಯಾನಾಗೆ ಹೋಗಿ ಮಾಲು ತರುತ್ತಾರೆ. ಊರೂರು ಸೇರಿ, ಚಳಿ ಮುಗಿಯುವವರೆಗೆ ಮಾರಿ, ತಮ್ಮ ಹೊಸ ವರ್ಷ ಲೋಸಾರ್‌ಗೆ ಮನೆಗೆ ಮರಳುತ್ತಾರೆ. ಮಕ್ಕಳ ಫೀಸು, ಮನೆಯ ಹೆಂಚು, ಔಷಧಿ ಎಲ್ಲವೂ ಈ ಮೂರು ನಾಲ್ಕು ತಿಂಗಳ ದುಡಿಮೆಯಿಂದಲೇ.

ಈಗ ನನ್ನ ತಪ್ಪಿಗೆ ಬರುತ್ತೇನೆ.

1982ರ ಅಕ್ಟೋಬರ್. ಅಮಾಲಾ ಜೋಳ ಮಾರಿದ ಹಣ 3,200 ರೂಪಾಯಿ ತಂದು ಕಟ್ಟಿದ್ದರು. ಆವತ್ತು ಪಾಸ್‌ಬುಕ್ ತಂದಿರಲಿಲ್ಲ. ಒಂದು ವಾರದ ಮೇಲೆ ಬಂದರು. ಮರುದಿನ ಬೆಳಿಗ್ಗೆ ಗುಂಪಿನ ಜೊತೆ ಲುಧಿಯಾನಾಗೆ ಹೊರಡಬೇಕು, ಹಣ ತೆಗೆಯಬೇಕು ಎಂದರು. ನಾನು ಲೆಡ್ಜರ್ ತೆರೆದೆ. ಖಾತೆಯಲ್ಲಿದ್ದದ್ದು 140 ರೂಪಾಯಿ.

"ಹಣ ಇಲ್ಲ" ಎಂದೆ.

"ಐತೆ. ನಿನ್ನ ಕೈಗೇ ಚೀಟಿ ಕೊಟ್ಟೆ."

"ಕೌಂಟರ್‌ಫಾಯಿಲ್ ತೋರಿಸಿ."

ಅವರು ನಿಲುವಂಗಿಯ ಮಡಿಕೆಯಲ್ಲೆಲ್ಲ ತಡಕಿದರು. ಚೀಟಿ ಸಿಗಲಿಲ್ಲ. ಆವತ್ತು ಸಂತೆಯ ದಿನ, ಹಿಂದೆ ಇಪ್ಪತ್ತು ಜನ ನಿಂತಿದ್ದರು, ನನಗೆ ಬೆಳಗಿನಿಂದ ತಲೆನೋವು. "ಚೀಟಿ ಇಲ್ಲದೆ ನಾನೇನು ಮಾಡಲಿ? ಹಿಂದಿನವರಿಗೆ ದಾರಿ ಬಿಡಿ" ಎಂದು ಗದರಿದೆ. ಅಮಾಲಾ ನನ್ನ ಮುಖವನ್ನೇ ನೋಡಿದರು. ಜಗಳವಾಡಲಿಲ್ಲ. ಪಾಸ್‌ಬುಕ್ ಮಡಿಚಿಕೊಂಡು ಹೋಗಿಬಿಟ್ಟರು.

ಬ್ಯಾಂಕಿನ ಲೆಕ್ಕದ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಒಬ್ಬರ ಹಣವನ್ನು ಇನ್ನೊಬ್ಬರ ಖಾತೆಗೆ ಬರೆದರೆ ಲೆಡ್ಜರಿನ ಒಟ್ಟು ಮೊತ್ತದಲ್ಲಿ ಒಂದು ಪೈಸೆಯೂ ವ್ಯತ್ಯಾಸ ಬರುವುದಿಲ್ಲ. ತಿಂಗಳ ಕೊನೆಗೆ ಕೂಡಿದರೆ ಎಲ್ಲವೂ ಸರಿಯಾಗಿ ತಾಳೆಯಾಗುತ್ತದೆ. ತಪ್ಪು ಒಳಗೇ ತಣ್ಣಗೆ ಕೂತಿರುತ್ತದೆ. ಅನ್ಯಾಯವಾದವರು ಬಂದು ಕೇಳಬೇಕು, ಇಲ್ಲವೇ ಲಾಭವಾದವರು ಬಂದು ಹೇಳಬೇಕು. ಅಲ್ಲಿಯವರೆಗೆ ಗೊತ್ತೇ ಆಗುವುದಿಲ್ಲ.

ಇಲ್ಲಿ ಲಾಭವಾದವರೇ ಬಂದರು. ಮೂರು ವಾರದ ಮೇಲೆ, ಬೇರೆ ಕ್ಯಾಂಪಿನ ಒಬ್ಬರು ಮುದುಕರು, ಅಮಾಲಾ ಹೆಸರಿನವರೇ, ಪಾಸ್‌ಬುಕ್ ಬರೆಸಿಕೊಂಡವರು ಮತ್ತೆ ವಾಪಸ್ ಬಂದರು. ಅಂಕಿಯ ಮೇಲೆ ಬೆರಳಿಟ್ಟು, "ಈ ದುಡ್ಡು ನಂದಲ್ಲ" ಎಂದರು.

ಚಲನ್ ಕಟ್ಟು ಬಿಚ್ಚಿ ನೋಡಿದೆ. 3,200 ರೂಪಾಯಿ. ಖಾತೆ ನಂಬರು ಅಮಾಲಾದು, ಲೆಡ್ಜರಿನಲ್ಲಿ ಬರೆದ ಕೈ ನನ್ನದು. ಕೂತಲ್ಲೇ ಬೆವತುಹೋದೆ.

ಮ್ಯಾನೇಜರು ಅಂದೇ ತಪ್ಪನ್ನು ತಿದ್ದಿಸಿದರು. ಬಾಗಿಲು ಹಾಕಿಕೊಂಡು ನನಗೆ ಚೆನ್ನಾಗಿ ಬೈದರು. "ಆಯಮ್ಮ ಬರೆದು ದೂರು ಕೊಟ್ಟರೆ ನಾನು ಮೇಲಕ್ಕೆ ಕಳಿಸಲೇಬೇಕು. ಆಮೇಲೆ ನಿನ್ನ ಹಣೆಬರಹ" ಎಂದರು. ಸಂಜೆ ಸೈಕಲ್ ತುಳಿದು ಮೂರನೇ ಕ್ಯಾಂಪಿಗೆ ಹೋದೆ. ಮನೆಗೆ ಬೀಗ. ತಾಯಿ ಮಗ ಇಬ್ಬರೂ ವ್ಯಾಪಾರಕ್ಕೆ ಹೋಗಿದ್ದಾರೆ ಎಂದರು ಪಕ್ಕದ ಮನೆಯವರು. ದುಡ್ಡು ಎಲ್ಲಿಂದ ಬಂತು ಎಂದು ಕೇಳಿದೆ. ಕೊರಳಿನ ನೀಲಿ ಕಲ್ಲನ್ನು ಒತ್ತೆ ಇಟ್ಟರಂತೆ. ಟಿಬೆಟಿನಿಂದ ಅವರು ತಂದಿದ್ದ ಬೆಲೆಬಾಳುವ ವಸ್ತು ಅದೊಂದೇ, ಅವರ ತಾಯಿಯದು.

ಆ ಚಳಿಗಾಲ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಹೆದರಿಕೆ ಇದ್ದದ್ದು ನಿಜ, ಕೆಲಸದ ಹೆದರಿಕೆ. ಆದರೆ ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಮೆಮೊ ಅಲ್ಲ, ನನ್ನ ಮುಖವನ್ನು ಸುಮ್ಮನೆ ನೋಡಿದ ಆ ಮುಖ.

ಫೆಬ್ರವರಿಯಲ್ಲಿ ವ್ಯಾಪಾರಕ್ಕೆ ಹೋದವರು ಮರಳತೊಡಗಿದರು. ಅಮಾಲಾ ಬಂದಿದ್ದಾರೆ ಎಂದು ಗೊತ್ತಾದ ಸಂಜೆಯೇ ಬಾಳೆಹಣ್ಣು, ಬೆಲ್ಲ ಹಿಡಿದು ಹೋದೆ. ಮನೆ ತುಂಬ ಜನ. ಒಳಗೆ ದೊಡ್ಡ ಪಾತ್ರೆಯಲ್ಲಿ ಏನೋ ಕುದಿಯುತ್ತಿತ್ತು. ನಾನು ಬಾಗಿಲಲ್ಲೇ ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಕ್ಷಮಾಪಣೆ ಶುರು ಮಾಡಿದೆ. ಅಮಾಲಾ ಕೈ ಎತ್ತಿ ತಡೆದರು.

"ಕೂತ್ಕೋ."

ಕೂತೆ. ಕೈಗೆ ಬಟ್ಟಲು ಬಂತು.

ಓದುವ ಮಕ್ಕಳಿಗೆ ಇದು ಇಷ್ಟವಾಗಬಹುದು, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳೆಯ ವರ್ಷ ಮುಗಿಯುವ ಮುಂಚೆ, ಕೊನೆಯ ತಿಂಗಳ 29ನೆಯ ದಿನ ಟಿಬೆಟಿನವರು 'ಗುತುಕ್' ಎಂಬ ಸಾರು ಮಾಡುತ್ತಾರೆ. 'ಗು' ಎಂದರೆ ಒಂಬತ್ತು, ಅದಕ್ಕೆ ಒಂಬತ್ತು ಬಗೆಯ ಪದಾರ್ಥ. ಪ್ರತಿಯೊಬ್ಬರ ಬಟ್ಟಲಿಗೂ ಒಂದೊಂದು ದೊಡ್ಡ ಹಿಟ್ಟಿನ ಉಂಡೆ. ಉಂಡೆಯ ಒಳಗೆ ಏನಾದರೂ ಒಂದು ವಸ್ತು ಅಡಗಿಸಿಟ್ಟಿರುತ್ತಾರೆ. ಎಲ್ಲರ ಎದುರಿಗೆ ಅದನ್ನು ಒಡೆದು ತೋರಿಸಬೇಕು. ಮೆಣಸಿನಕಾಯಿ ಬಂದರೆ ಬಾಯಿಬಡುಕ. ಉಪ್ಪು ಬಂದರೆ ಸೋಮಾರಿ. ಉಣ್ಣೆ ಬಂದರೆ ಮೆತ್ತನೆಯ ಮನಸ್ಸಿನವನು. ಇದ್ದಿಲು ಬಂದರೆ ಕಪ್ಪು ಮನಸ್ಸಿನವನು. ಯಾರಿಗೆ ಏನು ಬರುತ್ತದೋ ಎಂದು ಎಲ್ಲರೂ ಕಾಯುತ್ತಾರೆ, ನಗುತ್ತಾರೆ, ಕಾಲೆಳೆಯುತ್ತಾರೆ. ನಾನು ಹೋದದ್ದು ಸರಿಯಾಗಿ ಆ ರಾತ್ರಿ.

ಅಮಾಲಾ ಮಗನಿಗೆ ಉಪ್ಪು ಬಂತು. ಪಕ್ಕದ ಮನೆಯ ಹುಡುಗಿಗೆ ಮೆಣಸಿನಕಾಯಿ. ಎಲ್ಲರೂ ಹೋ ಎಂದು ನಕ್ಕರು. ನನ್ನ ಸರದಿ ಬಂತು. ಉಂಡೆ ಒಡೆದೆ.

ಇದ್ದಿಲು.

ಮನೆಯೇ ಹಾರಿಹೋಗುವಂತೆ ನಕ್ಕರು. ನನಗೂ ನಗಬೇಕಿತ್ತು, ಆದರೆ ಗಂಟಲು ಕಟ್ಟಿತು. ಕೈಯಲ್ಲಿ ಕರಿ ಚೂರು ಹಿಡಿದು ಸುಮ್ಮನೆ ಕೂತೆ. ನಗು ಒಂದೊಂದೇ ನಿಂತಿತು. ಅಮಾಲಾ ಎದ್ದು ಬಂದು ನನ್ನ ಪಕ್ಕ ಕೂತರು.

"ಮನಸು ಕರಿ ಅಲ್ಲ" ಎಂದರು ಎಲ್ಲರಿಗೂ ಕೇಳುವ ಹಾಗೆ. "ಇವನ ಕನ್ನಡಕ ಕರಿ. ಪುಸ್ತಕ ಸರಿಯಾಗಿ ಕಾಣಲ್ಲ."

ಮತ್ತೆ ನಗು. ಈ ಸಲ ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು. ಆಮೇಲೆ ಅವರು ತಗ್ಗಿದ ದನಿಯಲ್ಲಿ ನನಗೊಬ್ಬನಿಗೇ ಹೇಳಿದ್ದು ಇದು:

"ತಪ್ಪು ಬರೆದೆ. ಅದಕ್ಕೆ ಸಿಟ್ಟಿಲ್ಲ. ನಾನೂ ತಪ್ಪು ಮಾಡ್ತೀನಿ. ಅವತ್ತು ನೀನು ಕೂತ್ಕೋ ಅನ್ನಲಿಲ್ಲ. ಅದಕ್ಕೆ ಸಿಟ್ಟು. ಕಾಗದ ಆಮೇಲೆ ಕೇಳು ಮಗಾ. ಮೊದಲು ಕೂತ್ಕೋ ಅನ್ನು. ಕೂತರೆ ಚೀಟಿ ಸಿಗ್ತಿತ್ತು."

ನಿಜವಾಗಿಯೂ ಆ ಚೀಟಿ ಅವರ ಜಪಮಾಲೆಯ ಚೀಲದಲ್ಲೇ ಇತ್ತಂತೆ. ಮನೆಗೆ ಹೋಗಿ ಕೂತಾಗ ಸಿಕ್ಕಿತಂತೆ. ಅಷ್ಟರಲ್ಲಿ ಬ್ಯಾಂಕ್ ಮುಚ್ಚಿತ್ತು, ಬೆಳಗಿನ ಜಾವಕ್ಕೆ ಹೊರಡಬೇಕಿತ್ತು.

ದೂರು ಕೊಡಲಿಲ್ಲ. ಒತ್ತೆ ಬಿಡಿಸಿಕೊಂಡ ಕಲ್ಲು ಕೊರಳಿಗೆ ಮರಳಿತ್ತು. ಆ ಬಡ್ಡಿ ನಾನು ಕೊಡುತ್ತೇನೆ ಎಂದದ್ದಕ್ಕೆ, "ಕೊಡು" ಎಂದು ಅಂಗೈ ಚಾಚಿದರು! ಲೆಕ್ಕ ಹಾಕಿ ತೆಗೆದುಕೊಂಡರು, ಒಂದು ರೂಪಾಯಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅದು ನನಗೆ ದೊಡ್ಡ ಸಮಾಧಾನವಾಯಿತು. ಬೇಡ ಎಂದಿದ್ದರೆ ಆ ಭಾರ ಇವತ್ತಿಗೂ ನನ್ನ ಮೇಲೇ ಇರುತ್ತಿತ್ತು.

ಮರುದಿನದಿಂದ ನನ್ನ ಕೌಂಟರಿನ ಎದುರು ಒಂದು ಮರದ ಸ್ಟೂಲ್ ಬಂತು. ಮ್ಯಾನೇಜರು ಏಕೆ ಎಂದರು. "ಕಣ್ಣು ಕಾಣದವರಿಗೆ ಸಾರ್" ಎಂದೆ. ಯಾರ ಕಣ್ಣು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆಮೇಲೆ ಐದು ಊರಿಗೆ ವರ್ಗವಾದೆ. ಐದೂ ಕಡೆ ಮೊದಲ ವಾರವೇ ಒಂದು ಸ್ಟೂಲ್ ಹಾಕಿಸಿದ್ದೇನೆ. ನನ್ನ ನೌಕರಿಯ ಸಾಧನೆ ಏನು ಎಂದು ಯಾರಾದರೂ ಕೇಳಿದರೆ ಹೇಳಿಕೊಳ್ಳಲು ಇರುವುದು ಅದೊಂದೇ.

1984ರ ಜೂನ್. ಆ ಕಡೆಯ ಮಳೆ ಗೊತ್ತಲ್ಲ, ಒಂದು ವಾರ ಹಿಡಿದರೆ ಬಿಡುವುದಿಲ್ಲ. ನನ್ನ ಹೆಂಡತಿಗೆ ಚೊಚ್ಚಲ ಹೆರಿಗೆ. ಅವಳಿಗೆ ತಾಯಿ ಇರಲಿಲ್ಲ. ಬಾಣಂತನಕ್ಕೆ ಊರಿನಿಂದ ನನ್ನ ತಾಯಿ ಬಂದಿದ್ದರು. ಮಗು ಹುಟ್ಟಿದ ಮೂರನೆಯ ದಿನ ಅಮಾಲಾ ಕೊಡೆ ಹಿಡಿದು ಬಂದರು. ಕೈಯಲ್ಲಿ ಒಂದು ಫ್ಲಾಸ್ಕ್, ಒಂದು ಪೊಟ್ಟಣ. ಫ್ಲಾಸ್ಕಿನಲ್ಲಿ ಬೆಣ್ಣೆ ಚಹಾ. ಉಪ್ಪು, ಬೆಣ್ಣೆ ಹಾಕಿ ಕಡೆದ ಚಹಾ ಅದು. ಬಾಣಂತಿಗೆ ಶಕ್ತಿ ಬರುತ್ತದೆ ಎಂದು ಅವರ ನಂಬಿಕೆ. ನನ್ನ ತಾಯಿ ಮೂಸಿ ನೋಡಿ, "ಇದೇನವ್ವಾ, ಚಾದಲ್ಲಿ ಒಗ್ಗರಣೆನೂ ಹಾಕವ್ರಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ಪೊಟ್ಟಣದಲ್ಲಿ ಇದ್ದದ್ದು ಒಂದು ಪುಟ್ಟ ಸ್ವೆಟರ್. ಕಂದು ಬಣ್ಣದ್ದು, ಅಂಚಿಗೆ ಕೆಂಪು. ಮಾರುವ ಸ್ವೆಟರ್ ಅಲ್ಲ, ಅವರೇ ಹೆಣೆದದ್ದು.

ನನ್ನ ತಾಯಿಗೆ ಅವರ ಮುಕ್ಕಾಲು ಮಾತು ಅರ್ಥವಾಗುತ್ತಿರಲಿಲ್ಲ. ಅವರಿಗೂ ಅಷ್ಟೇ. ಆದರೆ ಇಬ್ಬರೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು, ಇಬ್ಬರೂ ಹೊಲ ಗೆಯ್ದು ಮಗನನ್ನು ಬೆಳೆಸಿದವರು. ಮಧ್ಯಾಹ್ನ ಬಾಣಂತಿ ಮಲಗಿದಾಗ ಒಬ್ಬರು ಎಲೆ ಅಡಿಕೆ ಹಾಕುತ್ತಾ, ಇನ್ನೊಬ್ಬರು ಜಪಮಣಿ ಎಣಿಸುತ್ತಾ ಜಗಲಿಯಲ್ಲಿ ಮಳೆ ನೋಡುತ್ತಾ ಕೂರುತ್ತಿದ್ದರು. ಏನು ಮಾತಾಡಿದಿರಿ ಎಂದರೆ ನಮ್ಮಮ್ಮ, "ಎಲ್ಲಾನೂ" ಎನ್ನುತ್ತಿದ್ದರು. ಒಂದು ದಿನ ಮಗುವಿಗೆ ನೀರು ಹಾಕಿದ ಮೇಲೆ ಅಮಾಲಾ ಅವನನ್ನು ಮಡಿಲಲ್ಲಿ ಹಾಕಿಕೊಂಡು ತುಂಬಾ ಹೊತ್ತು ಅವನ ಅಂಗಾಲನ್ನೇ ನೋಡುತ್ತಿದ್ದರು. ಮಿಸ್ಸಾಮಾರಿಯಲ್ಲಿ ಉಳಿದುಹೋದ ಮಗುವಿನ ಮಾತನ್ನು ನನ್ನ ಹೆಂಡತಿಗೆ ಹೇಳಿದ್ದು ಆವತ್ತೇ.

1987ರಲ್ಲಿ ನನಗೆ ವರ್ಗವಾಯಿತು. ಬೀಳ್ಕೊಡುವಾಗ ಅಮಾಲಾ ನಮ್ಮ ಮೂವರ ಕೊರಳಿಗೂ ಬಿಳಿಯ ರೇಷ್ಮೆ ಶಾಲು, ಖತಕ್, ಹಾಕಿದರು. ಆಮೇಲೂ ಸಂಬಂಧ ಬಿಡಲಿಲ್ಲ. ಎರಡು ವರ್ಷಕ್ಕೊಮ್ಮೆಯಾದರೂ ಹೋಗಿ ಬರುತ್ತಿದ್ದೆವು.

ಅವರ ಮನೆಯಲ್ಲಿ ಮಂಚದ ಕೆಳಗೆ ಒಂದು ತಗಡಿನ ಟ್ರಂಕು ಇತ್ತು. ಅದರಲ್ಲಿ ಒಂದು ಹೊಸ ನಿಲುವಂಗಿ, ಪಟ್ಟೆ ಏಪ್ರನ್, ಒಂದು ಜೊತೆ ಉಣ್ಣೆಯ ಬೂಟು. ಊರಿಗೆ ಹೋಗುವ ದಿನ ಹಾಕಿಕೊಳ್ಳಲು. ಹೊರಡುವ ದಿನ ಹುಡುಕಾಡಬಾರದಲ್ಲ ಎಂದು ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಕರ್ಪೂರದ ಗುಳಿಗೆ ಇಟ್ಟು, ಮತ್ತೆ ಮಡಿಚಿಡುತ್ತಿದ್ದರು. 1989ರಲ್ಲಿ ದಲೈ ಲಾಮಾ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಬೈಲಕುಪ್ಪೆಯಲ್ಲಿ ಹಬ್ಬವೋ ಹಬ್ಬ. ಆ ವರ್ಷ ಟ್ರಂಕನ್ನು ಎರಡು ಸಲ ಬಿಸಿಲಿಗೆ ಹಾಕಿದರಂತೆ. ಮೊಮ್ಮಗಳು ಹೇಳಿದಳು.

ಮೊಮ್ಮಗಳು ಎಂದೆನಲ್ಲ, ಮಗನಿಗೆ ಮದುವೆಯಾಗಿ ಒಂದು ಹೆಣ್ಣು, ಒಂದು ಗಂಡು. ಮಕ್ಕಳನ್ನು ಬೆಳೆಸಿದ್ದು ಅಮಾಲಾ. ತಂದೆ ತಾಯಿ ಸ್ವೆಟರ್ ವ್ಯಾಪಾರಕ್ಕೆ ಹೋದರೆ ನಾಲ್ಕು ತಿಂಗಳು ಅಜ್ಜಿಯೇ ಎಲ್ಲ. ಅಕ್ಷರ ಬಾರದ ಅಜ್ಜಿ ರಾತ್ರಿ ಮೊಮ್ಮಕ್ಕಳು ಓದಿ ಮುಗಿಸುವವರೆಗೆ ಎದುರಿಗೇ ಜಪಮಾಲೆ ಹಿಡಿದು ಕೂರುತ್ತಿದ್ದರು. ತೂಕಡಿಸಿದರೆ ಕೆನ್ನೆಗೆ ತಣ್ಣೀರು. ಹುಡುಗಿ ನರ್ಸಿಂಗ್ ಓದಿದಳು. ಆಮೇಲೆ ಮದುವೆಯಾಗಿ ಕೆನಡಾಕ್ಕೆ ಹೊರಟಳು. ಟೊರಾಂಟೊದಲ್ಲಿ ಟಿಬೆಟಿನವರು ಬಹಳ ಜನ ಇದ್ದಾರೆ.

ಅವಳು ಹೊರಡುವ ಹಿಂದಿನ ವಾರ ನಾವು ಹೋಗಿದ್ದೆವು. ಅಮಾಲಾ ಮಂಚದ ಕೆಳಗಿನಿಂದ ಟ್ರಂಕು ಎಳೆದರು. ನಿಲುವಂಗಿ, ಏಪ್ರನ್, ಬೂಟು ಎಲ್ಲವನ್ನೂ ಹೊರಗೆ ತೆಗೆದು ಮೊಮ್ಮಗಳ ಸೂಟ್‌ಕೇಸಿಗೆ ಹಾಕಿದರು.

"ಮೋಲಾ, ಅದು ನೀವು ಊರಿಗೆ ಹೋಗೋಕೆ ಇಟ್ಟಿದ್ದು" ಎಂದು ಹುಡುಗಿ ಅಳತೊಡಗಿದಳು.

"ಕೆನಡಾ ಚಳಿ ಅಂತೆ. ಇಲ್ಲಿ ಬೂಟು ಯಾಕೆ?" ಎಂದರು ಅಮಾಲಾ. ಸ್ವಲ್ಪ ಹೊತ್ತು ಬಿಟ್ಟು, "ನಾನು ಎಲ್ಲೂ ಹೋಗಲ್ಲ. ಹೋಗೋರಿಗೆ ಬಟ್ಟೆ ಬೇಕು" ಎಂದರು. ಖಾಲಿಯಾದ ಟ್ರಂಕನ್ನು ಮತ್ತೆ ಮಂಚದ ಕೆಳಗೆ ತಳ್ಳಿದರು. ಮುಂದಿನ ಸಲ ಹೋದಾಗ ಅದರಲ್ಲಿ ಅಕ್ಕಿ ಇತ್ತು.

ಅವರ ಕೈಯಲ್ಲಿ ಕೊನೆಯವರೆಗೂ ಇದ್ದದ್ದು ಆರ್‌ಸಿ ಪುಸ್ತಕ, ಅಂದರೆ ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ. ಅವಧಿ ಮುಗಿದಾಗಲೆಲ್ಲ ಅದನ್ನು ನವೀಕರಿಸಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಆ ಪುಸ್ತಕದ ಪ್ರಕಾರ ಅವರು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಈ ಊರಿನಲ್ಲಿ ಇದ್ದ ಪರದೇಶದವರು. ನಮ್ಮ ಮನೆಯಲ್ಲಿ ಮಾತ್ರ ಯಾರಿಗೂ ಹಾಗೆ ಅನ್ನಿಸಿದ್ದಿಲ್ಲ.

ನಾವು ಹದಿಮೂರನೆಯ ದಿನ ಮಾಡುವ ಹಾಗೆ ಅವರಲ್ಲಿ ನಲವತ್ತೊಂಬತ್ತನೆಯ ದಿನ ದೊಡ್ಡದು. ಅಷ್ಟು ದಿನ ಹೋದವರು ದಾರಿಯಲ್ಲಿ ಇರುತ್ತಾರೆ ಎಂದು ನಂಬಿಕೆ. ಆ ದಿನಕ್ಕೆ ನಾನೂ ನನ್ನ ಹೆಂಡತಿಯೂ ಮೈಸೂರಿನಿಂದ ಬಸ್ಸು ಹತ್ತಿ ಹೋದೆವು. ಕಂದು ಸ್ವೆಟರನ್ನೂ ತೆಗೆದುಕೊಂಡು ಹೋಗಿದ್ದೆವು. ಅದನ್ನು ನನ್ನ ಮಗ ಹಾಕಿದ್ದ, ಆಮೇಲೆ ಮಗಳು, ಈಗ ಮೊಮ್ಮಗನಿಗೂ ಚಿಕ್ಕದಾಗಿದೆ. ಮೂರನೇ ಕ್ಯಾಂಪಿನ ಮನೆಯಲ್ಲಿ ಸಾಲು ಸಾಲು ಬೆಣ್ಣೆ ದೀಪ. ಸನ್ಯಾಸಿಗಳ ಮಂತ್ರ ನಡೆಯುತ್ತಿತ್ತು. ಒಳಗೆ ಬಂದವರೆಲ್ಲ ಗೊತ್ತಿದ್ದವರೇ, ಆದರೆ ಎಲ್ಲರೂ ಒಂದಲ್ಲ ಒಂದು ಕೆಲಸದಲ್ಲಿ. ಆ ಮನೆಯಲ್ಲಿ ನನ್ನನ್ನು ಮೊದಲು ಮಾತಾಡಿಸುತ್ತಿದ್ದವರು ಇಲ್ಲ. ಬಾಗಿಲಲ್ಲೇ ನಿಂತೆ.

ಟೊರಾಂಟೊದಿಂದ ಬಂದಿದ್ದ ಮೊಮ್ಮಗಳ ಮಗಳು, ಆರು ವರ್ಷದ ಮರಿ, ಅಲ್ಲೇ ಆಡುತ್ತಿತ್ತು. ಅದಕ್ಕೆ ಬರುವುದು ಇಂಗ್ಲಿಷು, ಟಿಬೆಟನ್. ಕನ್ನಡದ ಗಂಧವಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿತು. ಒಂದು ದಿಂಬು ಎಳೆದು ತಂದು ಗೋಡೆಯ ಬದಿಗೆ ಹಾಕಿತು. ಅಂಗೈಯಿಂದ ಅದರ ಮೇಲೆ ತಟ್ಟಿತು.

"ಕೂತ್ಕೋ" ಎಂದಿತು.

ಅವಳ ಅಮ್ಮ ಗಾಬರಿಯಾಗಿ ಓಡಿ ಬಂದಳು. "ಸಾರಿ ಅಂಕಲ್, ಅವಳಿಗೆ ಬರುವ ಕನ್ನಡ ಅದೊಂದೇ. ವೀಡಿಯೊ ಕಾಲಿನಲ್ಲಿ ಮೋಲಾ ಹೇಳಿಕೊಟ್ಟದ್ದು. 'ಕೂತ್ಕೊಳ್ಳಿ' ಅನ್ನಬೇಕು ಅಂತ ಗೊತ್ತಿಲ್ಲ."

"ಗೊತ್ತಾಗುವುದೂ ಬೇಡ" ಎಂದು ನಾನು ಕೂತೆ.

ಸ್ವೆಟರನ್ನು ಆ ಮಗುವಿನ ಮಡಿಲಿಗೆ ಹಾಕಿದೆ. ಅದರ ಗೊಂಬೆಗೆ ಸರಿಯಾಯಿತು.